ಸುಧಾ ರಿಪೇರಿ ಮಾಡಿದ ನಲ್ಲಿ

ರಬ್ಬರ್ ವಾಷರಿನ ವಾಸನೆ ಮೂಗಿಗೆ ಬಡಿದರೆ ಈ ವಯಸ್ಸಿನಲ್ಲೂ ನನಗೆ ಸುಧಾಳ ಮೇಲೆ ಹೊಟ್ಟೆಕಿಚ್ಚಾಗುತ್ತದೆ.

ಅಮೆರಿಕದ ಪಿಸ್ಕಾಟವೇ ಊರಿನಲ್ಲಿ, ಶಾಲೆಗೆ ಹೋಗುತ್ತಿದ್ದ ಕಾಲದ ಒಂದು ಬೇಸಿಗೆ ರಜೆಯಲ್ಲಿ ನಾನು ಲೈಬ್ರರಿಯ ಇಪ್ಪತ್ತೆರಡು ಪುಸ್ತಕ ಮುಗಿಸಿದ್ದೆ. ವಾಪಸ್ ಕೊಡುವ ದಿನ ಮೀರೀತೆಂಬ ಭಯಕ್ಕೆ ಓಡೋಡಿ ಓದುತ್ತಿದ್ದೆ. ಪಕ್ಕದ ಅಪಾರ್ಟ್‌ಮೆಂಟಿನ, ನನ್ನದೇ ವಯಸ್ಸಿನ ಸುಧಾ ಮಾತ್ರ ಮನೆ ರಿಪೇರಿಯ ಒಂದೇ ಪುಸ್ತಕವನ್ನು ಮತ್ತೆ ಮತ್ತೆ ರಿನ್ಯೂ ಮಾಡಿಸುತ್ತಿದ್ದಳು. ಪಾಪ, ದಡ್ಡಿ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಅವಳು ಆ ಪುಸ್ತಕವನ್ನು ನಮ್ಮ ಸಿಂಕಿನ ಪಕ್ಕ ತೆರೆದಿಟ್ಟು, "ಆಂಟಿ, ಮೊದ್ಲು ವಾಟರ್ ಆಫ್ ಮಾಡ್ಬೇಕು," ಎಂದು ಅಮ್ಮನಿಗೆ ಹೇಳಿದಳು. ತಿಂಗಳಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಚ್ಚಿ, ಸವೆದು ಜಿಗುಟಾಗಿದ್ದ ಕರಿ ವಾಷರನ್ನು ತೆಗೆದು ಹೊಸದನ್ನು ಕೂರಿಸಿದಳು. ತೊಟ್ಟಿಕ್ಕುವುದು ನಿಂತಿತು. ನನಗೆಂದು ಎತ್ತಿಟ್ಟಿದ್ದ ಕೊನೆಯ ಕೊಬ್ಬರಿ ಮಿಠಾಯಿಯನ್ನು ಅಮ್ಮ ಅವಳ ಕೈಗಿಟ್ಟಳು.

"ಆ ಪುಸ್ತಕ ನಾನೂ ಓದಿದೀನಿ, ಇವಳಿಗಿಂತ ಮುಂಚೆ," ಎಂದೆ.

"ಹೌದೇನೇ? ಮತ್ತೆ ತಿಂಗಳಿಂದ ನಲ್ಲಿ ಕೆಳಗೆ ಪಾತ್ರೆ ಇಡ್ತಾ ಇದ್ಯಲ್ಲ, ಅದನ್ನ ಯಾವ ಪುಸ್ತಕದಲ್ಲಿ ಓದಿದ್ದು?" ಎಂದಳು ಅಮ್ಮ.

ಸುಧಾ ಹೋದ ಮೇಲೆ ನಾನು ಸಿಂಕಿನ ಮುಂದೆ ನಿಂತು, ಒಂದೇ ಒಂದು ಹನಿ ಬೀಳಲಿ ದೇವರೇ ಎಂದು ಕಾದೆ. ಅಮ್ಮ ಸಂಜೆಯ ದೀಪ ಹಚ್ಚುವವರೆಗೂ ಬೀಳಲಿಲ್ಲ.