ಹಗುರ ಕೈ

ಗುರುಪುತ್ರಪ್ಪ ಬೆಳಗಾವಿಯ ರೈಲಿನಿಂದ ಖಾನಾಪುರದಲ್ಲಿ ಇಳಿದು ತಾಯಿಯ ಮನೆ ಮುಟ್ಟುವಷ್ಟರಲ್ಲಿ ಓಣಿಯ ನಾಲ್ಕಾರು ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡು ಅವನ ಹಿಂದೆ ಬರತೊಡಗಿದ್ದರು. ಒಬ್ಬಾಕೆ ಆಗಲೇ ಸಣ್ಣಗೆ ಅಳುವ ರಾಗ ತೆಗೆದಿದ್ದಳು. ಅವರದೇನು ತಪ್ಪು? ಆ ಮನುಷ್ಯ ಯಾರ ಮನೆಯ ಕಟ್ಟೆ ಹತ್ತಿದರೂ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಅಂತಲೇ ಅರ್ಥ. ಅವನ ತಾಯಿ ಬಾಳವ್ವ ಹೋದಳು ಎಂದು ಅವರು ತಿಳಿದುಬಿಟ್ಟರು.

ಬಾಳವ್ವ ಹೋಗಿರಲಿಲ್ಲ. ಒಳಗೆ ದಮ್ಮು ಹತ್ತಿ ಏದುತ್ತ ಮಲಗಿದ್ದಳು. ಬಾಗಿಲಲ್ಲಿ ಅಣ್ಣ ಬಸಲಿಂಗಪ್ಪ ತೋಳು ಅಡ್ಡ ಹಾಕಿ ನಿಂತಿದ್ದ.

"ಒಳಗ ಬರಬ್ಯಾಡ."

"ಅವ್ವನ್ನ ನೋಡಿ ಹೋಗತೇನಣ್ಣಾ. ಉಸರ ಇರೂದ್ರಾಗ ಒಮ್ಮೆ."

"ನಿನ್ನ ಹಿಂದ ಯಾರ್ಯಾರ ಬಂದಾರ ನೋಡು. ನೀ ಬಂದೀ ಅಂತ ತಿಳದ್ರ ಅವ್ವ ಧೈರ್ಯಾ ಬಿಡ್ತಾಳ. ನೀ ಬರೂ ಹೊತ್ತು ಬಂದಾಗ ನಾನ ಹೇಳಿ ಕಳಸ್ತೇನಿ. ಈಗ ಹೋಗು."

ಬೇರೆ ಯಾರಾದರೂ ಅಂದಿದ್ದರೆ ಗುರುಪುತ್ರಪ್ಪ ನುಂಗಿಕೊಳ್ಳುತ್ತಿದ್ದ. ಒಡಹುಟ್ಟಿದವನು ಅಂದದ್ದು ಎದೆಗೆ ನಾಟಿತು. ಆದರೂ ಕಟ್ಟೆ ಬಿಟ್ಟು ಕದಲಲಿಲ್ಲ.

ಮೊದಲು ಅವನು ಬೆಳಗಾವಿಯ ರವಿವಾರ ಪೇಟೆಯಲ್ಲಿ ಭೂಪಾಲ ಸಾವಕಾರರ ಅರಿವೆ ಅಂಗಡಿಯಲ್ಲಿದ್ದ. ಗಿರಾಕಿ ಬಂದರೆ ಸಾಕು, ನಾಲಿಗೆ ಒಳಗೆ ಹೋಗುತ್ತಿತ್ತು. ಹತ್ತು ಮಾತಾಡಿ ಒಂದು ಸೀರೆ ದಾಟಿಸುವುದು ಅವನ ಜನ್ಮಕ್ಕೆ ಬರಲಿಲ್ಲ. ಆದರೆ ಬಿಚ್ಚಿ ಬಿಸಾಡಿದ ಸೀರೆಯನ್ನು ಅವನು ಮಡಿಚಿಟ್ಟರೆ ಯಾರೂ ಮುಟ್ಟೇ ಇಲ್ಲವೇನೋ ಅನ್ನುವ ಹಾಗಿರುತ್ತಿತ್ತು. ಸಾವಕಾರರು ಒಳ್ಳೆಯ ಮನುಷ್ಯ, ಒಂದು ದಿನ ಹತ್ತಿರ ಕೂಡಿಸಿಕೊಂಡು ಹೇಳಿಯೇಬಿಟ್ಟರು: "ತಮ್ಮಾ, ನಿನಗ ಕೈ ಅದಾವ, ಬಾಯಿಲ್ಲ. ಬಾಯಿ ಬೇಡದಂಥಾ ಕೆಲಸ ಹುಡುಕ್ಕೋ." ಅಂಥ ಕೆಲಸ ಎಲ್ಲಿರುತ್ತದೆ ಎಂದು ಅವನು ಎಷ್ಟೋ ದಿನ ತಲೆ ಕೆಡಿಸಿಕೊಂಡ.

ಅದು ಬಾಜೂ ಮನೆಯಲ್ಲೇ ಇತ್ತು. ಅಲ್ಲಿಯ ಮುದುಕ ತೀರಿಕೊಂಡ. ಲಿಂಗವಂತರಲ್ಲಿ ಸತ್ತವರನ್ನು ಕೂಡಿಸಿ ಪೂಜೆ ಮಾಡಿ, ಕೂತ ಹಾಗೆಯೇ ಮಣ್ಣಿಗೆ ಇಡಬೇಕು. ಮನೆಯವರು ಅಳುವುದರಲ್ಲಿ ಹೊತ್ತು ಕಳೆದು ಮೈ ಸೆಟೆದುಕೊಂಡಿತ್ತು. ಕಾಲು ಮುರಿದಾದರೂ ಕೂಡಿಸಬೇಕೆಂದು ಯಾರೋ ಅಂದಾಗ ಗುರುಪುತ್ರಪ್ಪ ತಾನಾಗಿ ಎದ್ದು ಹೋದ. ಬಿಸಿನೀರು ಹಾಕಿ, ಎಣ್ಣೆ ಹಚ್ಚಿ, ಮೊಣಕಾಲು ನೀವಿ ನೀವಿ ಸಡಿಲ ಮಾಡಿ, ಮುದುಕನನ್ನು ಗೋಡೆಗೆ ಆನಿಸಿ ಕೂಡಿಸಿದ. ಬಾಯಿ ತೆರೆಯದಂತೆ ಗದ್ದಕ್ಕೆ ಬಿಳಿ ಅರಿವೆ ಕಟ್ಟಿದ, ವಿಭೂತಿ ಹಚ್ಚಿದ. ನೋಡಿದವರು, ಮುದುಕ ಈಗ ಮಾತಾಡುತ್ತಾನೇನೋ ಅಂದರು. ತಾನು ಹುಟ್ಟಿದ್ದೇ ಇದಕ್ಕೆ ಎಂದು ಆ ದಿನ ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಹೆದರಿಕೆಯೂ ಆಯಿತು.

ಅಂಗಡಿ ಬಿಟ್ಟ. ಬೆಳಗಾವಿಯಿಂದ ಖಾನಾಪುರದವರೆಗೆ ಸಾವಾದಲ್ಲೆಲ್ಲ ಅವನಿಗೆ ಕರೆ ಬರುತ್ತಿತ್ತು. ಮದುವೆಗೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕಿದ ಸುದ್ದಿ ಅವನಿಗೆ ತಿಂಗಳ ಮೇಲೆ ಮುಟ್ಟಿತು. ಹೆಣ ಕೂಡಿಸುವವನಿಗೆ ಹೆಣ್ಣು ಕೊಡುವವರು ಯಾರು? ಒಂಟಿಯಾಗಿಯೇ ಉಳಿದ.

"ಯಾರೋ ಅದು, ಗುರಪುತ್ರನೇನು?" ಒಳಗಿನಿಂದ ಬಾಳವ್ವನ ಧ್ವನಿ ಬಂತು. "ಬಸಲಿಂಗಾ, ಬಿಡು ಅವನ್ನ. ಮುಂಜಾನಿಂದ ಎಳದಾಡಿ ನನ್ನ ರಟ್ಟಿ ಕಿತ್ತೀರಿ. ನಿಮಗ್ಯಾರಿಗೂ ನನ್ನ ಕುಂದರ್ಸಾಕ ಬರೂದಿಲ್ಲ. ಅಂವಗ ಬರತೈತಿ."

ಬಸಲಿಂಗಪ್ಪ ತೋಳು ಇಳಿಸಿದ. ಹೆಂಗಸರ ರಾಗ ಅಲ್ಲಿಗೇ ನಿಂತಿತು.

ಹಾಸಿಗೆಯ ಹತ್ತಿರ ಹೋದ ಗುರುಪುತ್ರಪ್ಪನಿಗೆ ಕೈ ಮುಂದೆ ಮಾಡಲು ಧೈರ್ಯ ಸಾಲಲಿಲ್ಲ. ನೋವಾದರೆ ನೋವಾಯಿತು ಎನ್ನುವವರನ್ನು ಅವನು ಮುಟ್ಟಿ ವರ್ಷಗಳಾಗಿದ್ದವು. ಕೊನೆಗೆ ಒಂದು ಕೈ ಹೆಗಲ ಕೆಳಗೆ ತೂರಿಸಿ, ತನ್ನ ಮೊಣಕಾಲನ್ನು ಅವಳ ಬೆನ್ನಿಗೆ ಆಸರೆಯಾಗಿ ಕೊಟ್ಟು ಮೆಲ್ಲಗೆ ಎತ್ತಿದ. ಸೊಂಟದ ಹಿಂದೆ ಕಂಬಳಿ ಮಡಿಚಿಟ್ಟ, ಮೊಣಕಾಲ ಕೆಳಗೆ ಧೋತರದ ಸುರುಳಿ ಇಟ್ಟ. ಅಂಗೈಗೆ ತಾಯಿಯ ಬೆನ್ನು ಬೆಚ್ಚಗೆ ಹತ್ತಿತು. ಅವನ ಕಣ್ಣು ತುಂಬಿ ಬಂದವು.

ಬಾಳವ್ವನ ಉಸಿರು ಹಾದಿಗೆ ಬಂತು. "ಎಷ್ಟ ಹಗೂರ ಐತೋ ನಿನ್ನ ಕೈ," ಅಂದಳು. ಕಂಬಳಿಗೆ ಒರಗಿ ಕೇಳಿದಳು: "ಆ ಕೆಲಸದಾಗ ನಿನಗ ಸಮಾಧಾನ ಐತೇನೋ?"

"ಐತವ್ವಾ. ಹೇಳಾಕ ನಾಚಿಕಿ ಬರತೈತಿ. ಆದ್ರ ಐತಿ."

"ನಾಚಿಕಿ ಯಾಕ? ಅಂಗಡ್ಯಾಗ ಇದ್ದಾಗ ನಿನ್ನ ಮಾರಿ ನೋಡಾಕ ಆಗ್ತಿದ್ದಿಲ್ಲ. ನಿನಗ ಹೊಂದೂದು ನಿನಗ ಸಿಕ್ಕೈತಿ, ಸಾಕು." ಇಷ್ಟು ಹೇಳಿ ಅವಳು ಕಣ್ಣು ಮುಚ್ಚಿದಳು.

ಎಷ್ಟೋ ದಿನದ ನಿದ್ದೆ ಹತ್ತಿತು. ತಲೆ ಒಂದು ಬದಿಗೆ ವಾಲಿತು, ಬಾಯಿ ತೆರೆದುಕೊಂಡಿತು. ಗುರುಪುತ್ರಪ್ಪ ತಲೆಯನ್ನು ನೆಟ್ಟಗೆ ಮಾಡಿದ. ತನ್ನ ಹೆಗಲ ಮೇಲಿನ ವಸ್ತ್ರ ತೆಗೆದು ಉದ್ದಕ್ಕೆ ಮಡಿಚಿದ. ಅದನ್ನು ತಾಯಿಯ ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಗಂಟು ಹಾಕುವವರೆಗೂ ತಾನೇನು ಮಾಡುತ್ತಿದ್ದೇನೆ ಎಂಬ ಖಬರು ಅವನಿಗೆ ಇರಲಿಲ್ಲ.

ಬಾಗಿಲಲ್ಲಿದ್ದ ಬಸಲಿಂಗಪ್ಪ, "ಅವ್ವಾ," ಅಂದ.

ಬಾಳವ್ವ ಕಣ್ಣು ತೆರೆದಳು. ಮಗನ ಕೈ ಇನ್ನೂ ಗಂಟಿನ ಮೇಲೆಯೇ ಇತ್ತು. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಮುದುರಿದ ಬೆರಳಿಂದ ಗದ್ದದ ಕೆಳಗಿನ ಅರಿವೆಯನ್ನು ಅತ್ತಿತ್ತ ಸವರಿ ನೋಡಿದಳು.

"ಇವತ್ತಲ್ಲೋ," ಅಂದಳು. "ಆದ್ರ ಆವತ್ತೂ ಇಷ್ಟ ಹಗೂರ ಕಟ್ಟು."