ನುಂಗಿದ ಗಾಳಿ

ನೆಲದ ಮೇಲಿನ ಗಾಳಿ ಕೆಟ್ಟ ಮೇಲೆ ಊರಿಗೆ ಊರೇ ಹಳೆಯ ಚಿನ್ನದ ಗಣಿಯೊಳಗೆ ಇಳಿದು ಬದುಕುತ್ತಿತ್ತು. ಸೋಸಿದ ಗಾಳಿಯನ್ನು ದೊಡ್ಡ ಫ್ಯಾನೊಂದು ಕೆಳಕ್ಕೆ ತಳ್ಳುತ್ತಿತ್ತು. ಪ್ರತಿದಿನ ಒಮ್ಮೆ ಸೈರನ್ ಕೂಗಿ, ಸೋಸುವ ಜಾಲರಿ ತೊಳೆಯಲೆಂದು ಫ್ಯಾನು ತುಸು ಹೊತ್ತು ನಿಲ್ಲುತ್ತಿತ್ತು.

ನೀಲಗಂಗಮ್ಮನಿಗೆ ವರ್ಷದಿಂದ ಬಿಡದ ತೇಗು. ಅವಳ ಪಕ್ಕ ಕೂತು ಉಣ್ಣಲು ಜನ ಹಿಂಜರಿಯುತ್ತಿದ್ದರು. ಓಮ, ಇಂಗು ಯಾವುದಕ್ಕೂ ಅದು ಬಗ್ಗಲಿಲ್ಲ. ಕೊನೆಗೆ ಡಾಕ್ಟರ್ ಸಿರಾಜುದ್ದೀನ್ ಅವಳ ಹೊಟ್ಟೆ ಒತ್ತಿ ನೋಡಿ, ಬಹಳ ಹೊತ್ತು ಗಂಟಲನ್ನೇ ಗಮನಿಸುತ್ತ ಕೂತರು.

"ಹೊಟ್ಟ್ಯಾಗ ಏನೂ ರೋಗ ಇಲ್ಲವ್ವ. ನೀ ದಿನಾ ಪೂರ್ತಿ ಗಾಳಿ ನುಂಗಾಕತ್ತೀದಿ. ಅದ ತೇಗಾಗಿ ಹೊರಗ ಬರತೈತಿ."

"ಫ್ಯಾನು ನಿಂತಾಗ ಇರಲಿ ಅಂತ ನುಂಗತೀನ್ರಿ."

"ಹೊಟ್ಟಿಗೆ ಹೋದ ಗಾಳಿ ಉಸಿರಿಗೆ ಬರಂಗಿಲ್ಲವ್ವ."

"ನಮ್ಮನಿಯವರೂ ಹಂಗ ಅಂತಿದ್ರು. ಹೋದ ವರ್ಷ ಫ್ಯಾನು ತಿರುಗಿ ಚಾಲೂ ಆಗೂದು ತಡಾ ಆತಲ್ರಿ, ಅವತ್ತ ಹೋದ್ರು."

ಡಾಕ್ಟರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಅವಳ ಹಲ್ಲುಗಳ ನಡುವೆ ಪೆನ್ಸಿಲ್ ಇಡಿಸಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಉಸಿರಾಡಲು ಕಲಿಸಿದರು. ಬಾಯಿ ತೆರೆದಿದ್ದರೆ ಗಾಳಿ ನುಂಗುವುದು ಕಷ್ಟ. ತುಸು ಹೊತ್ತಿಗೆ ತೇಗು ನಿಂತಿತು. ಎದೆ ಹಗುರಾಗಿ ಅವಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಸೈರನ್ ಕೂಗಿತು. ಬಾಗಿಲಾಚೆ ಸರದಿಗೆ ಕಾದು ಕೂತ ರೋಗಿಗಳ ಮಾತೆಲ್ಲ ನಿಂತು, ಸಾಲು ಸಾಲು ಗಂಟಲುಗಳು ಏರಿಳಿಯತೊಡಗಿದವು.

"ನುಂಗಬ್ಯಾಡವ್ವ, ಉಪಯೋಗ ಇಲ್ಲ," ಎಂದರು ಡಾಕ್ಟರ್.

"ಗೊತ್ತೈತ್ರಿ," ಎಂದಳು ನೀಲಗಂಗಮ್ಮ. ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟು, ತುಟಿ ಬಿಗಿದು, ಗುಟುಕು ಗುಟುಕಾಗಿ ಗಾಳಿ ನುಂಗತೊಡಗಿದಳು. ಡಾಕ್ಟರು ತಡೆಯಲಿಲ್ಲ. ಫ್ಯಾನು ನಿಂತಿತು.