ಕುರಿಗಿರುವ ಕಿಮ್ಮತ್ತು

“ಕೂಸಿನ ಎದಿ ಬಡಿಯಾಕತ್ತೈತಿ ಅಂತ ನೀವ ತೋರಿಸ್ತೀರಿ, ಮತ್ತ ನೀವ ತಗೀತೀನಿ ಅಂತೀರಿ. ಡಾಕ್ಟರ ಅದೀರೋ, ಕಟುಕರೋ?” ಬೀರವ್ವ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಸೊಸೆ ರೂಪಾಲಿಯ ಮಂಚದ ಪಕ್ಕ ನಿಂತು ಕೂಗಾಡುತ್ತಿದ್ದಳು. ಸೊಸೆ ಬಸುರಿಯೆಂದು ತಮ್ಮೂರು ನಾಗಣಸೂರಿನಲ್ಲಿ ಪೇಡೆ ಹಂಚಿ, ಕುಲದೇವರು ಬೀರೋಬಾನ ಹೆಸರಿನಲ್ಲಿ ಟಗರು ಬಿಟ್ಟು ಬಂದಿದ್ದಳು.

ಡಾಕ್ಟರ್ ಪ್ರಣಿತಾ ಮೂರನೇ ಸಲ ಹೇಳಿದರು. “ಆಯಿ, ಕೂಸು ಕೂಡೋ ಜಾಗಾದಾಗ ಕುಂತಿಲ್ಲ. ಮೊದಲನೇ ಹೆರಿಗಿಗೆ ಗರ್ಭಚೀಲ ಕೊಯ್ದು ಕೂಸು ತಗದಿದ್ರಲ್ಲ, ಆ ಗಾಯದಾಗ ಕುಂತೈತಿ. ಅಲ್ಲೇ ಬೆಳದ್ರ ಚೀಲ ಹರೀತೈತಿ, ಈಕಿ ಉಳಿಯಂಗಿಲ್ಲ. ಈಗ ರಕ್ತ ಹೋಗಾಕತ್ತೈತಿ. ಇವತ್ತ ತಗೀಬೇಕು.”

ಗಂಡ ಅಮೋಲ್ ಒಪ್ಪಿಗೆ ಕಾಗದಕ್ಕೆ ಸಹಿ ಮಾಡದೆ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ನಿಂತಿದ್ದ. “ಅವ್ವ ಹೂಂ ಅನ್ಲಿ,” ಎಂದ.

ರೂಪಾಲಿ ಹೊಟ್ಟೆ ಹಿಡಿದುಕೊಂಡು ಎದ್ದು ಕೂತಳು. “ಅತ್ತಿ, ಹ್ವಾದ ವರ್ಷ ಕುರಿ ಹೊಟ್ಟ್ಯಾಗ ಮರಿ ಅಡ್ಡ ಸಿಕ್ಕೊಂಡಾಗ ಏನ್ ಮಾಡಿದ್ರಿ? ಕೈ ಹಾಕಿ ಮರಿ ಕಡದು ತಗದು ಕುರಿ ಉಳಿಸಿದ್ರಿ. ಕುರಿ ಕಾಲು ಹಿಡದಾಕಿ ನಾನ. ಆ ಕುರಿಗಿರೋ ಕಿಮ್ಮತ್ತು ನನಗಿಲ್ಲೇನ್ರಿ?”

ಬೀರವ್ವ ಸೆರಗು ಕೊಡವಿ ಹೊರಗೆ ನಡೆದಳು. “ಅವ್ವನ್ನ ಕರ್ಕೊಂಡ್ ಬರ್ತೀನಿ,” ಎಂದು ಅಮೋಲ್ ಪೆನ್ನು ಹಿಡಿದುಕೊಂಡೇ ಅವಳ ಹಿಂದೆ ಹೋದ.

“ನನ್ನ ಸಹಿ ನಡೀತೈತೇನ್ರಿ?” ರೂಪಾಲಿ ಡಾಕ್ಟರನ್ನು ಕೇಳಿದಳು.

“ನಿಂದೇ ಬೇಕು, ತಂಗಿ. ಅವರದಲ್ಲ.”

ರೂಪಾಲಿ ಡಾಕ್ಟರ ಪೆನ್ನು ತೆಗೆದುಕೊಂಡು ಕಾಗದ ಹರಿಯುವಷ್ಟು ಒತ್ತಿ ಸಹಿ ಮಾಡಿದಳು. ನರ್ಸ್ ಬಾಗಿಲ ಕಡೆ ನೋಡಿದಳು. “ಅವರ ದಾರಿ ಕಾಯಬ್ಯಾಡ್ರಿ, ನಡೀರಿ,” ಎಂದಳು ರೂಪಾಲಿ. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಅಮೋಲ್ ತಿರುಗಿ ಬರಲಿಲ್ಲ.